ಎಂಜಲು ಕೊಟ್ಟು ಶೇಕಡಾವಾರು ಪಡೆದದ್ದು: ಮನೆಗೆ ಬರುವ ಡಿಎನ್‌ಎ ಕಿಟ್ ಒಂದರ ವಿಮರ್ಶೆ

ಮೂವತ್ತು ವರ್ಷಗಳಿಂದ ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಸೋದರಮಾವ ಅಲ್ಲಿ ತಮ್ಮ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡು, ಅದರ ಬಣ್ಣಬಣ್ಣದ ನಕ್ಷೆಯನ್ನು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ದಿನದಿಂದ ನಮಗೂ ಆ ಚಪಲ ಅಂಟಿಕೊಂಡಿತು. ಬೆಂಗಳೂರಿಗೆ ಕೊರಿಯರ್ ಮೂಲಕ ಕಿಟ್ ಕಳಿಸುವ ಒಂದು ಕಂಪನಿಯಿಂದ ನನಗೊಂದು, ಅಮ್ಮನಿಗೊಂದು ತರಿಸಿದೆ. ಒಂದಕ್ಕೆ 6,499 ರೂಪಾಯಿ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ಕಿಟ್ ಮಾರುವವರು ಹೆಚ್ಚುಕಡಿಮೆ ಒಂದೇ ಕ್ರಮವನ್ನು ಅನುಸರಿಸುತ್ತಾರೆ, ನನ್ನ ತಕರಾರಿನ ಬಹುಪಾಲು ಇರುವುದು ಆ ಕ್ರಮದ ಮೇಲೆ.

ಪೆಟ್ಟಿಗೆಯ ಬಗ್ಗೆ ದೂರುವಂಥದ್ದೇನೂ ಇಲ್ಲ. ಗಟ್ಟಿಯಾದ ರಟ್ಟಿನ ಡಬ್ಬಿಯೊಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಕೊಳವೆ, ಅದರ ಬಾಯಿಗೆ ಕೂರಿಸಿದ ಪುಟ್ಟ ಆಲಿಕೆ, ಮುಚ್ಚಳದಲ್ಲಿ ತಿಳಿನೀಲಿ ದ್ರವ, ಕೊಳವೆಯ ಮೈಗೆ ಅಂಟಿಸಿದ ಬಾರ್‌ಕೋಡ್. ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇದ್ದು, ನೊರೆಯನ್ನು ಲೆಕ್ಕಕ್ಕೆ ಹಿಡಿಯದೆ ಗೆರೆಯವರೆಗೆ ಎಂಜಲು ತುಂಬಿಸಬೇಕು. ನನಗೆ ಹತ್ತು ನಿಮಿಷ ಸಾಕಾಯಿತು. ಎಪ್ಪತ್ತೆಂಟರ ಅಮ್ಮನಿಗೆ ರಕ್ತದೊತ್ತಡದ ಮಾತ್ರೆಯಿಂದ ಬಾಯಿ ಸದಾ ಒಣಗಿರುತ್ತದೆ. ಮುಕ್ಕಾಲು ಗಂಟೆ ಕೂತರೂ ಅರ್ಧ ಕೊಳವೆ ದಾಟಲಿಲ್ಲ. “ಮಾವಿನಕಾಯಿ ಉಪ್ಪಿನಕಾಯಿ ಜಾಡಿ ತಂದು ಮುಂದಿಡು, ನೋಡಿದ್ರೆ ಬಾಯಲ್ಲಿ ನೀರೂರತ್ತೆ” ಎಂದರು. ತಂದಿಟ್ಟೆ. ಗೆರೆ ಮುಟ್ಟಿತು. ಆದರೆ ಮೂರು ವಾರದ ಮೇಲೆ ‘ಮಾದರಿಯಲ್ಲಿ ಸಾಕಷ್ಟು ಡಿಎನ್‌ಎ ದೊರೆತಿಲ್ಲ’ ಎಂಬ ಇಮೇಲ್ ಬಂದು, ಎರಡನೆಯ ಕೊಳವೆಯನ್ನು ಉಚಿತವಾಗಿ ಕಳಿಸಿಕೊಟ್ಟರು. ವಯಸ್ಸಾದವರಿಗೆ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಡುವ ವ್ಯವಸ್ಥೆ ಇದ್ದಿದ್ದರೆ ಈ ಪಡಿಪಾಟಲು ತಪ್ಪುತ್ತಿತ್ತು. ಸೂಚನೆಯ ಹಾಳೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ವರದಿ ಏಳು ವಾರಗಳಿಗೆ ಬಂತು. ತೆರೆದ ಕೂಡಲೇ ಭೂಪಟ. ದಕ್ಷಿಣ ಭಾರತದ ಮೇಲೆ ಕಡು ಕಿತ್ತಳೆ ಬಣ್ಣ. ಅದರ ಕೆಳಗೆ ‘ದಕ್ಷಿಣ ಭಾರತ 94.6, ವಾಯವ್ಯ ಭಾರತ 2.3, ಇರಾನ್ ಮತ್ತು ಕಾಕಸಸ್ 3.1’ ಎಂಬ ಅಂಕಿಗಳು. ದಶಮಾಂಶದವರೆಗೆ ಹೇಳಿದ್ದರಿಂದಲೇ ಅದಕ್ಕೊಂದು ಗಾಂಭೀರ್ಯ ಬಂದುಬಿಡುತ್ತದೆ. ಮನೆಯಲ್ಲಿ ಆ ಮೂರು ಚಿಲ್ಲರೆ ಶೇಕಡಾ ಇರಾನಿನ ಬಗ್ಗೆ ಒಂದು ವಾರ ಚರ್ಚೆ ನಡೆಯಿತು. ಪುಟದ ಮೂಲೆಯಲ್ಲಿ, ಕಣ್ಣಿಗೆ ಬೀಳದಂತೆ, ‘ಖಚಿತತೆಯ ಮಟ್ಟ’ ಎಂಬ, ಅತ್ತಿತ್ತ ಸರಿಸಬಹುದಾದ ಜಾರುಗುಂಡಿಯೊಂದಿದೆ. ಅದನ್ನು ಮೊದಲಿಗೆ 50ಕ್ಕೆ ನಿಲ್ಲಿಸಿಟ್ಟಿರುತ್ತಾರೆ, ಅಂದರೆ ಆ ಅಂಕಿಗಳು ನಿಜವಾಗಿರುವುದಕ್ಕೂ ಇಲ್ಲದಿರುವುದಕ್ಕೂ ಸರಿಸುಮಾರು ಸಮಸಮ. ನಾನು ಅದನ್ನು 90ಕ್ಕೆ ಎಳೆದೆ. ಇರಾನ್ ಮಾಯವಾಯಿತು, ವಾಯವ್ಯ ಭಾರತ ಮಾಯವಾಯಿತು, ದಕ್ಷಿಣ ಭಾರತವೇ ಅರ್ಧಕ್ಕಿಳಿದು, ಉಳಿದದ್ದೆಲ್ಲ ‘ವಿಶಾಲ ದಕ್ಷಿಣ ಏಷ್ಯಾ’ ಎಂಬ ಬೂದುಬಣ್ಣದ ಖಾನೆಗೆ ಹೋಗಿ ಸೇರಿತು. ಆರೂವರೆ ಸಾವಿರ ಕೊಟ್ಟು ನಾನು ದಕ್ಷಿಣ ಏಷ್ಯಾದವನೆಂದು ತಿಳಿದುಕೊಂಡಂತಾಯಿತು.

ಹೀಗಾಗಲು ಕಾರಣ ಪ್ರಯೋಗಾಲಯದ ಅಜಾಗರೂಕತೆಯಲ್ಲ. ಈ ಕಿಟ್‌ಗಳು ನಮ್ಮ ಮುನ್ನೂರು ಕೋಟಿಗೂ ಹೆಚ್ಚಿನ ಡಿಎನ್‌ಎ ಅಕ್ಷರಗಳನ್ನು ಪೂರ್ತಿ ಓದುವುದಿಲ್ಲ. ಮನುಷ್ಯರಲ್ಲಿ ಪರಸ್ಪರ ವ್ಯತ್ಯಾಸ ಕಾಣುವ ಆರೇಳು ಲಕ್ಷ ಸ್ಥಾನಗಳನ್ನು ಮಾತ್ರ ‘ಚಿಪ್’ ಎಂಬ ಪುಟ್ಟ ಪರೀಕ್ಷಾ ಫಲಕದ ಮೇಲೆ ಪರೀಕ್ಷಿಸುತ್ತವೆ. ಆಮೇಲೆ ವರ್ಣತಂತುವನ್ನು, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಎಳೆಯನ್ನು, ಸಣ್ಣ ಸಣ್ಣ ತುಂಡುಗಳೆಂದು ಭಾವಿಸಿ, ಒಂದೊಂದು ತುಂಡೂ ತಮ್ಮ ಸಂಗ್ರಹದಲ್ಲಿರುವ ಯಾವ ಜನಸಮೂಹದ ಮಾದರಿಗೆ ಹೆಚ್ಚು ಹೋಲುತ್ತದೆಂದು ಲೆಕ್ಕಹಾಕಿ, ಕೊನೆಗೆ ಎಲ್ಲವನ್ನೂ ಕೂಡಿಸಿ ಶೇಕಡಾವಾರು ಕೊಡುತ್ತವೆ. ಆದ್ದರಿಂದ ‘ಇರಾನ್ 3.1’ ಎಂಬುದರ ಅರ್ಥ ನನ್ನ ಮುತ್ತಜ್ಜನೊಬ್ಬ ಇರಾನಿನಿಂದ ಬಂದ ಎಂದಲ್ಲ; ಕಂಪನಿಯ ಸಂಗ್ರಹದಲ್ಲಿ ಇಂದಿನ ಇರಾನಿನವರೆಂದು ಗುರುತು ಹಾಕಿದ ಮಾದರಿಗಳಿಗೆ ನನ್ನ ಕೆಲವು ತುಂಡುಗಳು ಮಿಕ್ಕವುಗಳಿಗಿಂತ ತುಸು ಹೆಚ್ಚು ಹೋಲಿದವು ಎಂದಷ್ಟೆ. ಈ ವಾಕ್ಯವನ್ನು ವರದಿಯ ಮೊದಲ ಪುಟದಲ್ಲಿ ಅಚ್ಚು ಮಾಡಿದ್ದರೆ ನಾನು ಈ ವಿಮರ್ಶೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಈ ವಿಧಾನ ಚೆನ್ನಾಗಿ ಕೆಲಸ ಮಾಡುವ ಜನಸಮೂಹಗಳೂ ಇವೆ. ಅಮೆರಿಕ ಖಂಡಗಳಲ್ಲಿ ಕಳೆದ ಐದು ಶತಮಾನಗಳಲ್ಲಿ ಅಲ್ಲಿನ ಮೂಲನಿವಾಸಿಗಳು, ಯುರೋಪಿನಿಂದ ಬಂದವರು ಮತ್ತು ಗುಲಾಮರಾಗಿ ಆಫ್ರಿಕಾದಿಂದ ತರಲ್ಪಟ್ಟವರು ಬೆರೆತರು. ಬೆರೆತ ಮೂಲಗಳು ಸಾವಿರಾರು ತಲೆಮಾರು ಸಮುದ್ರದ ಆಚೀಚೆ ಬೇರೆಯಾಗಿ ಬಾಳಿದಂಥವು, ಬೆರೆತದ್ದು ಇತ್ತೀಚೆಗೆ. ಹೀಗಾಗಿ ಆ ಮಿಶ್ರಣ ಚೂಡಾ ಅವಲಕ್ಕಿ ಇದ್ದ ಹಾಗೆ, ಕಡಲೆಬೀಜ ಯಾವುದು, ಹುರಿಗಡಲೆ ಯಾವುದು, ಕೊಬ್ಬರಿಚೂರು ಯಾವುದು ಎಂದು ಆರಿಸಿ ಎಣಿಸಬಹುದು. ಮೆಕ್ಸಿಕೋದ ಎಲ್ಲ 32 ರಾಜ್ಯಗಳ 898 ಊರುಗಳಿಂದ 6,057 ಜನರ ಮಾದರಿ ಪಡೆದು 2023ರಲ್ಲಿ ಪ್ರಕಟವಾದ ಮೆಕ್ಸಿಕನ್ ಬಯೋಬ್ಯಾಂಕ್ ಎಂಬ ಜೈವಿಕ ಮಾದರಿಗಳ ಸಂಗ್ರಹದ ಅಧ್ಯಯನವಾಗಲಿ, 2,700ಕ್ಕೂ ಹೆಚ್ಚು ಜನರ ಪೂರ್ಣ ಜೀನೋಮ್, ಅಂದರೆ ಅವರ ಡಿಎನ್‌ಎಯನ್ನು ಇಡಿಯಾಗಿ, ಓದಿ ಅದುವರೆಗೆ ಎಲ್ಲೂ ದಾಖಲಾಗದಿದ್ದ 80 ಲಕ್ಷಕ್ಕೂ ಮೀರಿದ ವ್ಯತ್ಯಾಸಗಳನ್ನು ಕಂಡುಕೊಂಡ ಬ್ರೆಜಿಲಿನ 2025ರ ಅಧ್ಯಯನವಾಗಲಿ, ಒಬ್ಬನೇ ವ್ಯಕ್ತಿಯ ಒಂದೇ ವರ್ಣತಂತುವಿನಲ್ಲಿ ಯಾವ ತುಂಡು ಯಾವ ಖಂಡದ್ದೆಂದು ಗುರುತಿಸುವ ಈ ಕ್ರಮವನ್ನು ಧೈರ್ಯವಾಗಿ ಬಳಸಿಕೊಂಡಿವೆ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಉದಾಹರಣೆಯಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಕಾಡಂಚಿನ ಊರುಗಳಲ್ಲಿರುವ ಸಿದ್ದಿಗಳ ಪೂರ್ವಜರನ್ನು ಪೋರ್ಚುಗೀಸರು 300ರಿಂದ 500 ವರ್ಷಗಳ ಹಿಂದೆ ಆಫ್ರಿಕಾದಿಂದ ತಂದರೆಂದು ಚರಿತ್ರೆ ಹೇಳುತ್ತದೆ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ, ಸಿದ್ದಿಗಳ ತಂದೆಯ ಸಾಲು ಮತ್ತು ತಾಯಿಯ ಸಾಲು ಸಹಾರಾ ಮರುಭೂಮಿಯ ದಕ್ಷಿಣದ ಬಾಂಟು ಭಾಷಿಕರತ್ತ ಬೊಟ್ಟು ಮಾಡುತ್ತವೆಂದೂ, ನೆರೆಯ ಭಾರತೀಯ ಸಮುದಾಯಗಳೊಡನೆ ಬೆರಕೆ ಕಳೆದ ಎಂಟು ತಲೆಮಾರುಗಳಲ್ಲಿ, ಅಂದರೆ ಸುಮಾರು 200 ವರ್ಷಗಳಿಂದೀಚೆಗೆ ಆಗಿರಬಹುದೆಂದೂ ತೋರಿಸಿತು. ಒಂದೊಂದು ತಲೆಮಾರು ದಾಟುವಾಗಲೂ ತಂದೆತಾಯಿಯ ವರ್ಣತಂತುಗಳು ತುಂಡಾಗಿ ಅದಲುಬದಲಾಗುತ್ತವೆ. ಸಿದ್ದಿಗಳಲ್ಲಿ ಆ ಕತ್ತರಿ ಆಡಿರುವುದು ಎಂಟೇ ಸುತ್ತು, ಆದ್ದರಿಂದ ತುಂಡುಗಳು ಇನ್ನೂ ಉದ್ದವಾಗಿ, ಗುರುತು ಸಿಗುವಂತೆ ಇವೆ. ಆ ಉದ್ದವನ್ನು ಅಳೆದೇ ಬೆರಕೆಯ ಕಾಲವನ್ನು ಲೆಕ್ಕಹಾಕುವುದು. ನಾನು ಕೊಂಡ ಕಿಟ್ಟಿನ ‘ಮೂಲಗಳ ಪಟ್ಟಿ’ಯಲ್ಲಿ ಆಫ್ರಿಕಾಕ್ಕೆ ಹನ್ನೆರಡು ಖಾನೆಗಳಿವೆ, ದಕ್ಷಿಣ ಭಾರತಕ್ಕೆ ಒಂದೇ. ಯಲ್ಲಾಪುರದ ಸಿದ್ದಿ ಯುವಕನೊಬ್ಬ ಇದನ್ನು ಕೊಂಡರೆ ಬಹುಶಃ ನನಗಿಂತ ಹೆಚ್ಚಿನ ವಿವರ ಪಡೆದಾನು.

ಉಳಿದ ನಾವು ದೋಸೆಹಿಟ್ಟು. ಅಕ್ಕಿ ಇದೆ, ಉದ್ದು ಇದೆ, ಒಂದು ಚಮಚ ಮೆಂತ್ಯವೂ ಇದೆ. ಹದ ನೋಡಿ ಪ್ರಮಾಣವನ್ನು ಅಂದಾಜು ಮಾಡಬಹುದೇ ವಿನಾ ಒಂದು ಕಾಳನ್ನೂ ಹೆಕ್ಕಿ ತೆಗೆಯಲಾಗದು. 2009ರಲ್ಲಿ ತಳಿವಿಜ್ಞಾನಿಗಳಾದ ಡೇವಿಡ್ ರೈಕ್, ತಂಗರಾಜ್, ಲಾಲ್‌ಜಿ ಸಿಂಗ್ ಮೊದಲಾದವರು 25 ಸಮುದಾಯಗಳ 132 ಜನರ ಮಾದರಿಗಳನ್ನಿಟ್ಟುಕೊಂಡು, ಭಾರತದ ಬಹುತೇಕ ಎಲ್ಲ ಸಮುದಾಯಗಳೂ ‘ಪ್ರಾಚೀನ ಉತ್ತರ ಭಾರತೀಯ’ ಮತ್ತು ‘ಪ್ರಾಚೀನ ದಕ್ಷಿಣ ಭಾರತೀಯ’ ಎಂದು ಅವರು ಹೆಸರಿಟ್ಟ ಎರಡು ಮೂಲಗಳ ಬೆರಕೆಯೆಂದೂ, ಮೊದಲನೆಯದರ ಪಾಲು 39ರಿಂದ 71 ಶೇಕಡಾದವರೆಗೆ ಏರಿಳಿಯುತ್ತದೆಂದೂ ತೋರಿಸಿದರು. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತವರ ತಂಡ ಮಾದರಿಯನ್ನು 73 ಸಮುದಾಯಗಳ 571 ಜನರಿಗೆ ಹಿಗ್ಗಿಸಿ, ಬೆರಕೆ ನಡೆದದ್ದು ಇಂದಿಗೆ 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಎಂದು ಲೆಕ್ಕಹಾಕಿತು. 2019ರಲ್ಲಿ 523 ಪ್ರಾಚೀನ ಅಸ್ಥಿಗಳ ಡಿಎನ್‌ಎ ಓದಿದ ಅಧ್ಯಯನದಿಂದ ಆ ಎರಡು ಮೂಲಗಳೂ ಸ್ವತಃ ಬೆರಕೆಗಳೇ ಎಂದು ತಿಳಿಯಿತು: ಪ್ರಾಚೀನ ಇರಾನಿನ ಜನರಿಗೆ ಹತ್ತಿರದ ಒಂದು ಎಳೆ, ಇಲ್ಲಿನ ಹಳೆಯ ಬೇಟೆಗಾರ ಜನರದೊಂದು ಎಳೆ, ಯುರೇಷಿಯಾದ ಹುಲ್ಲುಗಾವಲಿನ ಪಶುಪಾಲಕರದು ಮತ್ತೊಂದು.

ನನ್ನ ವರದಿಯ ಅಸಂಬದ್ಧತೆ ಹೊಳೆದದ್ದು ಇದನ್ನೆಲ್ಲ ಓದಿದ ಮೇಲೆಯೇ. ಪ್ರಾಚೀನ ಇರಾನಿಗೆ ನಂಟಿರುವ ಎಳೆ ದಕ್ಷಿಣ ಭಾರತದ ಬಹುತೇಕರಲ್ಲಿ ಮೂರು ಶೇಕಡಾವಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಆದರೆ ಕಿಟ್ಟಿನ ‘ದಕ್ಷಿಣ ಭಾರತ’ ಎಂಬ ಮಾದರಿಯೊಳಗೇ ಆ ಎಳೆ ಸೇರಿಹೋಗಿರುವುದರಿಂದ ಅದು ಬೇರೆಯಾಗಿ ತೋರುವುದಿಲ್ಲ. ತೋರಿಸಿದ 3.1 ಎನ್ನುವುದು ಆ ಹಳೆಯ ಎಳೆಯ ಅಳತೆಯೂ ಅಲ್ಲ, ಹೊಸ ನೆಂಟಸ್ತಿಕೆಯ ಸುಳಿವೂ ಅಲ್ಲ. ದೋಸೆಹಿಟ್ಟನ್ನು ದೋಸೆಹಿಟ್ಟಿನೊಡನೆ ಹೋಲಿಸಿದಾಗ ಪಾತ್ರೆಯ ತಳದಲ್ಲುಳಿದ ಚರಟ. ಐದು ತಿಂಗಳಾದ ಮೇಲೆ ಕಂಪನಿ ತನ್ನ ಮಾದರಿಸಂಗ್ರಹವನ್ನು ಪರಿಷ್ಕರಿಸಿದೆ ಎಂಬ ಇಮೇಲ್ ಬಂತು. ತೆರೆದು ನೋಡಿದರೆ ಇರಾನ್ ಪೂರ್ತಿ ಹೋಗಿ, ‘ಶ್ರೀಲಂಕಾ 1.8’ ಹೊಸದಾಗಿ ಸೇರಿತ್ತು. ನನ್ನ ಪೂರ್ವಜರು ಈ ಐದು ತಿಂಗಳಲ್ಲಿ ಎಲ್ಲಿಗೂ ಪ್ರಯಾಣ ಮಾಡಿರಲಿಲ್ಲ. ಪರಿಷ್ಕರಣೆ ಒಳ್ಳೆಯದೇ; ಆದರೆ ಹಳೆಯ ಅಂಕಿಯ ಜೊತೆಗೆ ‘ಇದು ಬದಲಾಗಬಹುದು’ ಎಂಬ ಒಕ್ಕಣೆ ಇರಬೇಕಿತ್ತು.

ಇನ್ನು ‘ಸಂಬಂಧಿಗಳನ್ನು ಹುಡುಕಿ’ ಎಂಬ ವಿಭಾಗ. ಬೇರೆ ಕಡೆ ಪರೀಕ್ಷೆ ಮಾಡಿಸಿಕೊಂಡವರು ತಮ್ಮ ಕಚ್ಚಾ ಕಡತವನ್ನು (ಪರೀಕ್ಷೆಯ ಮೂಲ ದತ್ತಾಂಶವನ್ನು) ಇಲ್ಲಿ ಸೇರಿಸಬಹುದಾದ್ದರಿಂದ ಮಾವನೂ ಸೇರಿಸಿದರು. ಮರುದಿನ ಅವರು ನನ್ನ ಪುಟದಲ್ಲಿ ‘ಒಡಹುಟ್ಟಿದವರು, ಅಂದಾಜು’ ಎಂದು ಕಾಣಿಸಿಕೊಂಡರು. ಗಾಬರಿಯಾಗುವ ಮುನ್ನ ಲೆಕ್ಕ ಮಾಡಿದೆ. ನಮ್ಮ ತಂದೆ ಅಮ್ಮನಿಗೆ ಸೋದರಮಾವ. ಕರ್ನಾಟಕದಲ್ಲಿ ಇದೇನೂ ಅಪರೂಪದ ಮದುವೆಯಲ್ಲ. ಹಾಗಾಗಿ ಅಮ್ಮನ ತಮ್ಮ ನನಗೆ ತಾಯಿಯ ಕಡೆಯಿಂದ ಮಾವನಾಗಿ 25 ಶೇಕಡಾ, ತಂದೆಯ ಕಡೆಯಿಂದ ಅತ್ತೆಯ ಮಗನಾಗಿ 12.5 ಶೇಕಡಾ, ಒಟ್ಟು 37.5 ಶೇಕಡಾ ಡಿಎನ್‌ಎ ಹಂಚಿಕೊಂಡಿದ್ದಾರೆ. ಸ್ವಂತ ಅಣ್ಣತಮ್ಮಂದಿರಿಗೆ 50, ಬರೀ ಮಾವನಿಗೆ 25. ಒಬ್ಬ ಮನುಷ್ಯ ಎರಡು ದಾರಿಯಿಂದ ನೆಂಟನಾಗಬಹುದೆಂಬುದು ಆ ತಂತ್ರಾಂಶದ ಕಲ್ಪನೆಯಲ್ಲೇ ಇಲ್ಲ. ಅಮ್ಮನಿಗೆ ಹೇಳಿದೆ. “ನನ್ನ ತಮ್ಮನ್ನ ನಿನಗೆ ಅಣ್ಣ ಮಾಡಿಟ್ರಾ? ಆ ಕಂಪನೀಲಿ ವರಸೆ ಗೊತ್ತಿರೋರು ಒಬ್ಬರೂ ಇಲ್ವೇನೋ?” ಎಂದರು.

ಅದೇ ಪುಟದಲ್ಲಿ ‘ನಾಲ್ಕನೆಯ ಸುತ್ತಿನ ದಾಯಾದಿಗಳು’ ಎಂದು ನಾನು ಕಂಡು ಕೇಳರಿಯದ ನಾನ್ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಇದಕ್ಕೂ ಕಾರಣ ಗೊತ್ತಿದ್ದದ್ದೇ. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿದ 2017ರ ಅಧ್ಯಯನವೊಂದು, ಅವುಗಳಲ್ಲಿ 81 ಸಮುದಾಯಗಳು ಕಿರುಸಂಖ್ಯೆಯ ಪೂರ್ವಜರಿಂದ ಬೆಳೆದು ಒಳಗೊಳಗೇ ಮದುವೆಯಾಗುತ್ತ ಬಂದ ಗುರುತು, ಈ ವಿಷಯಕ್ಕೆ ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಷ್ಕೆನಾಜಿ ಯಹೂದ್ಯರಿಗಿಂತಲೂ ಗಾಢವಾಗಿದೆ ಎಂದು ಕಂಡಿತು. ಅಂಥ ಕಡೆ ಯಾರನ್ನು ಹಿಡಿದರೂ ಯಾವುದೋ ದೂರದ ದಾರಿಯಲ್ಲಿ ನೆಂಟರೇ. ಯಹೂದ್ಯರಿಗೆಂದು ಕೆಲವು ಸಂಸ್ಥೆಗಳು ಈ ಲೆಕ್ಕವನ್ನು ತಿದ್ದಿಕೊಂಡಿವೆ. ನಮ್ಮ ಪಾಲಿಗೆ ಇನ್ನೂ ಆ ತಿದ್ದುಪಡಿ ಬಂದಿಲ್ಲ.

ಆರೋಗ್ಯದ ವರದಿಗೆ ಪ್ರತ್ಯೇಕವಾಗಿ 2,000 ರೂಪಾಯಿ. ನನಗೆ ಮಧುಮೇಹದ ಅಪಾಯ ‘ಸಾಧಾರಣ’ ಎಂದಿತು. ಆ ಹೊತ್ತಿಗೆ ನಾನು ಆರು ವರ್ಷದಿಂದ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದೆ. ಅಪಾಯ ಹೇಳುವ ಈ ಅಂಕಗಳನ್ನು ತಯಾರಿಸುವುದು ಲಕ್ಷಾಂತರ ಜನರ ಡಿಎನ್‌ಎಯನ್ನು ಅವರ ಕಾಯಿಲೆಗಳೊಡನೆ ಹೊಂದಿಸಿ ನೋಡುವ ದೊಡ್ಡ ಅಧ್ಯಯನಗಳಿಂದ. 2019ರ ಒಂದು ಪರಿಶೀಲನೆಯ ಪ್ರಕಾರ ಅಂಥ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಸುಮಾರು 79 ಶೇಕಡಾ ಯುರೋಪಿನ ಮೂಲದವರು, ಜಗತ್ತಿನ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು 16 ಶೇಕಡಾ. ಅವರ ಮೇಲೆ ರೂಪಿಸಿದ ಅಂಕವನ್ನು ದಕ್ಷಿಣ ಏಷ್ಯಾದವರಿಗೆ ಹಚ್ಚಿದಾಗ ನಿಖರತೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆಂದೂ, ಆಫ್ರಿಕಾ ಮೂಲದವರಲ್ಲಿ ಇನ್ನೂ ಕೆಳಗಿಳಿಯುತ್ತದೆಂದೂ ಆ ಪರಿಶೀಲನೆ ಹೇಳಿತ್ತು. ನಮ್ಮವರಿಗೆ ನಿಜವಾಗಿ ಬೇಕಾದ ಸಂಗತಿಗಳು ಬೇರೆಯೇ ಇವೆ. ಹೃದಯಸ್ನಾಯುವಿನ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ಲೋಪ ಭಾರತದಲ್ಲಿ ಸುಮಾರು 4 ಶೇಕಡಾ ಜನರಲ್ಲಿದ್ದು ಹೃದಯದ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆಂದು 2009ರಲ್ಲೇ ತೋರಿಸಲಾಗಿದೆ. ವೈಶ್ಯ ಸಮುದಾಯದ ಕೆಲವರಲ್ಲಿ ಒಂದು ಕಿಣ್ವದ ಕೊರತೆಯಿಂದ, ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧ ಬೇಗ ಇಳಿಯದೆ ಉಸಿರಾಟಕ್ಕೆ ತೊಂದರೆಯಾಗುವುದು ವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ. ಎರಡರ ಸುಳಿವೂ ನನ್ನ ನಲವತ್ತು ಪುಟದ ವರದಿಯಲ್ಲಿರಲಿಲ್ಲ. ಕೊತ್ತಂಬರಿ ಸೊಪ್ಪು ನಿಮಗೆ ಸಾಬೂನಿನಂತೆ ರುಚಿಸುತ್ತದೆಯೇ ಎಂಬುದಕ್ಕೆ ಮಾತ್ರ ಒಂದಿಡೀ ಪುಟವಿತ್ತು.

ನನಗೆ ಹೆಚ್ಚು ಕಿರಿಕಿರಿಯೆನಿಸಿದ್ದು ‘ನಿಮ್ಮ ಗುಂಪು’ ಎಂಬ ಚಿತ್ರ. ಚುಕ್ಕಿಗಳ ಬಿಡಿಬಿಡಿ ದ್ವೀಪಗಳು, ಒಂದೊಂದಕ್ಕೊಂದು ಬಣ್ಣ, ಪಕ್ಕದಲ್ಲಿ ಸಮುದಾಯದ ಹೆಸರು. ಅಮೆರಿಕ ಸರ್ಕಾರದ ‘ಆಲ್ ಆಫ್ ಅಸ್’ ಎಂಬ ಆರೋಗ್ಯ ಸಂಶೋಧನಾ ಯೋಜನೆ 2024ರ ಫೆಬ್ರುವರಿಯಲ್ಲಿ 2,45,388 ಜನರ ಜೀನೋಮ್‌ಗಳನ್ನು ಪ್ರಕಟಿಸಿದಾಗಲೂ ಇಂಥದ್ದೇ ಚಿತ್ರ ಹಾಕಿ ತಜ್ಞರಿಂದ ಟೀಕೆ ಕೇಳಿಸಿಕೊಂಡಿತ್ತು. ಏಕೆಂದರೆ ಆ ಲೆಕ್ಕಾಚಾರದ ವಿಧಾನವೇ ಸಮೀಪದವರನ್ನು ಇನ್ನೂ ಒತ್ತಾಗಿಸಿ, ನಡುವಿನ ಬೆರಕೆಯವರನ್ನು ಅತ್ತಿತ್ತ ಎಳೆದು, ಇಲ್ಲದ ಬೇಲಿಗಳನ್ನು ಇರುವಂತೆ ಕಾಣಿಸುತ್ತದೆ. ಅಲ್ಲಿ ಅದು ವಿದ್ವಾಂಸರ ನಡುವಿನ ಜಗಳವಾಯಿತು. ಇಲ್ಲಿ ಜಾತಿಯ ಹೆಸರು ಅಂಟಿಸಿದ ಚಿತ್ರವೊಂದು ಮನೆಮನೆಯ ಮೊಬೈಲಿಗೆ ಬಂದರೆ ಏನಾಗುತ್ತದೆಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೇ ನೋಡಿದೆ: ದೂರದ ದಾಯಾದಿಯೊಬ್ಬರು ‘ನಮ್ಮದು ಶುದ್ಧ ರಕ್ತ’ ಎಂದು ಅದನ್ನೇ ಪುರಾವೆಯಾಗಿ ಹಂಚಿದರು. ಅದರ ಹಿಂದಿನ ವಿಜ್ಞಾನ ಹೇಳುವುದು ಅದಕ್ಕೆ ತೀರ ತದ್ವಿರುದ್ಧವಾದ ಮಾತನ್ನು.

ಮಾಹಿತಿಯ ಭದ್ರತೆಯ ವಿಷಯದಲ್ಲಿ ಈ ಉದ್ಯಮದ ದಾಖಲೆ ಧೈರ್ಯ ಕೊಡುವಂತಿಲ್ಲ. ಈ ವ್ಯಾಪಾರಕ್ಕೆ ಹಾದಿ ಹಾಕಿದ ಅಮೆರಿಕದ ಟ್ವೆಂಟಿತ್ರೀಆ್ಯಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿತು. 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ, ಗ್ರಾಹಕರ ಡಿಎನ್‌ಎ ದತ್ತಾಂಶವೂ ಮಾರಾಟದ ಆಸ್ತಿಗಳ ಸಾಲಿಗೆ ಸೇರಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆನುವಂಶಿಕ ಮಾಹಿತಿಯನ್ನು ‘ಸೂಕ್ಷ್ಮ’ ಎಂದು ಬೇರೆ ವರ್ಗದಲ್ಲಿಟ್ಟಿಲ್ಲ. ನಾನು ಕೊಂಡ ಕಿಟ್ಟಿನ ಒಪ್ಪಿಗೆಪತ್ರದಲ್ಲಿ ‘ಸಂಶೋಧನೆಗೆ ಬಳಸಬಹುದು’ ಎಂಬ ಚೌಕದಲ್ಲಿ ಮೊದಲೇ ಗುರುತು ಹಾಕಿತ್ತು. ತೆಗೆಯಬೇಕಾದರೆ ನಾವೇ ತೆಗೆಯಬೇಕು.

ಸಂಶೋಧನೆಗೆ ಕೊಡುವುದರ ಬಗ್ಗೆ ನನಗೆ ತಕರಾರಿಲ್ಲ, ಯಾರಿಗೆ ಕೊಡುತ್ತೇವೆ ಎಂಬುದು ಮುಖ್ಯ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಜೀನೋಮ್ ಇಂಡಿಯಾ ಯೋಜನೆಯನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವೇ ಸಂಯೋಜಿಸಿತು. 20 ಸಂಸ್ಥೆಗಳು ಕೂಡಿ 83 ಜನಸಮೂಹಗಳ ಸುಮಾರು 10,000 ಮಂದಿಯ ಪೂರ್ಣ ಜೀನೋಮ್ ಓದಿದವು. ದತ್ತಾಂಶ ಫರೀದಾಬಾದಿನ ಸರ್ಕಾರಿ ಕೇಂದ್ರದಲ್ಲಿದ್ದು 2025ರ ಜನವರಿಯಿಂದ ನಿಯಮಬದ್ಧವಾಗಿ ಸಂಶೋಧಕರಿಗೆ ದೊರೆಯುತ್ತಿದೆ. ಅಲ್ಲಿ ರಕ್ತ ಕೊಟ್ಟವರಿಗೆ ಬಣ್ಣದ ಭೂಪಟ ಸಿಗಲಿಲ್ಲ. ಆದರೆ ಮುಂದೊಂದು ದಿನ ಇಂಥ ಕಿಟ್‌ಗಳು ನಮ್ಮವರಿಗೆ ಉಪಯೋಗಕ್ಕೆ ಬರುವಂತಾದರೆ ಅದು ಆ ದತ್ತಾಂಶದ ದೆಸೆಯಿಂದಲೇ ಆದೀತು.

ಐದರಲ್ಲಿ ಎರಡು ಅಂಕ ಕೊಡುತ್ತೇನೆ: ಒಂದು ಕೊಳವೆಯನ್ನು ಮಾತಿಲ್ಲದೆ ಬದಲಿಸಿಕೊಟ್ಟದ್ದಕ್ಕೆ, ಇನ್ನೊಂದು ಕಚ್ಚಾ ಕಡತವನ್ನು ಇಳಿಸಿಕೊಳ್ಳಲು ಬಿಟ್ಟದ್ದಕ್ಕೆ. ದತ್ತು ಹೋದವರು, ಹತ್ತಿರದ ರಕ್ತಸಂಬಂಧಿಯನ್ನು ಹುಡುಕುತ್ತಿರುವವರು, ಎರಡು ಮೂರು ತಲೆಮಾರಿನ ಈಚೆಗೆ ಬೇರೆ ಖಂಡದ ನಂಟು ಇರುವವರು ಕೊಳ್ಳಬಹುದು. ‘ನಾವು ಎಲ್ಲಿಂದ ಬಂದೆವು’ ಎಂಬ ಕುತೂಹಲಕ್ಕೆ, ಕಾಯಿಲೆಯ ಮುನ್ಸೂಚನೆಗೆ ಬೇಡ.

ಮಾವನ ವರಸೆಯನ್ನು ತಿದ್ದಿರೆಂದು ಗ್ರಾಹಕ ಸೇವೆಗೆ ಬರೆದಿದ್ದೆ. ‘ಪಟ್ಟಿಯಿಂದ ಸರಿಯಾದ ಸಂಬಂಧವನ್ನು ನೀವೇ ಆರಿಸಬಹುದು’ ಎಂದು ಉತ್ತರ ಬಂತು. ಪಟ್ಟಿ ತೆರೆದೆ. ‘ತಾಯಿಯ ಸಹೋದರ’ ಇತ್ತು, ‘ತಂದೆಯ ಸಹೋದರಿಯ ಮಗ’ ಇತ್ತು. ಒತ್ತಲು ಬಿಟ್ಟದ್ದು ಒಂದನ್ನು ಮಾತ್ರ. ಮೊದಲನೆಯದನ್ನು ಒತ್ತಿ, ಕಡತಗಳನ್ನು ಇಳಿಸಿಕೊಂಡು, ಅಮ್ಮನ ಎರಡನೆಯ ಮಾದರಿಯನ್ನೂ ನನ್ನದನ್ನೂ ನಾಶಪಡಿಸುವಂತೆ ಅರ್ಜಿ ಹಾಕಿದ್ದೇನೆ. ಮೂವತ್ತು ದಿನಗಳ ಗಡುವು ಕೇಳಿದ್ದಾರೆ. ಇಂದಿಗೆ ಹನ್ನೊಂದನೆಯ ದಿನ.